ಮಹಾಲಯದಿಂದ ದೀಪಾವಳಿವರೆಗೆ ಭಯದ ಸಿನಿಮಾ, ಭಯದ ಓದು: ಯಾವ ಪ್ರತಿ, ಯಾವ ಹೊತ್ತು, ಹೇಗೆ?

ಕಂದೀಲು

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಅಲ್ಲಿಂದ ನರಕ ಚತುರ್ದಶಿಗೆ ಹೆಚ್ಚುಕಡಿಮೆ ಒಂದು ತಿಂಗಳು. ಅಮೆರಿಕದಲ್ಲಿರುವ ನಮ್ಮವರಿಗೆ ಇದೇ ಆಸುಪಾಸಿನಲ್ಲಿ ಹ್ಯಾಲೋವೀನ್, ಅಕ್ಟೋಬರ್ 31. ಈ ತಿಂಗಳಿಗೆ ನಿಮ್ಮ ಮೆಚ್ಚಿನ ಭಯದ ಸಿನಿಮಾ, ಪುಸ್ತಕ ಹೇಳಿ. ಆದರೆ ಬರೀ ಹೆಸರು ಬೇಡ. ಹೆಸರಿನ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತೆ. ಯಾವ ಪ್ರತಿ ಹುಡುಕಬೇಕು, ಎಷ್ಟು ಹೊತ್ತಿನದು, ಏನು ಮಾಡಿದರೆ ಕೆಡುತ್ತೆ, ಇದನ್ನು ಬರೆಯಿರಿ.

ನಾನೇ ಶುರು ಮಾಡ್ತೀನಿ. ಮುರ್ನೌ ನಿರ್ದೇಶಿಸಿದ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’, 1922. ‘ಪಿಶಾಚಿ ಹಾಡಹಗಲಲ್ಲೇ ಓಡಾಡ್ತಾನೆ, ಇದರಲ್ಲಿ ಭಯ ಎಲ್ಲಿದೆ’ ಅಂತ ಬಹಳ ಜನ ಕೇಳ್ತಾರೆ. ಅವರು ನೋಡಿರೋದು ಬಣ್ಣ ಹೋದ ಪ್ರತಿ. ಆಗಿನ ಫಿಲ್ಮಿಗೆ ರಾತ್ರಿ ಬೆಳಕಲ್ಲಿ ಚಿತ್ರ ಹಿಡಿಯುವ ಶಕ್ತಿ ಇರಲಿಲ್ಲ. ರಾತ್ರಿಯ ದೃಶ್ಯವನ್ನು ಬಿಸಿಲಲ್ಲಿ ತೆಗೆದು, ಪ್ರಿಂಟನ್ನು ನೀಲಿ ಬಣ್ಣದಲ್ಲಿ ಅದ್ದುತ್ತಿದ್ದರು. ನೋಡುವವರಿಗೆ ನೀಲಿ ಅಂದರೆ ರಾತ್ರಿ. ಆ ನೀಲಿ ಹೋದ ಕಪ್ಪುಬಿಳುಪು ನಕಲುಗಳೇ ಅಂತರ್ಜಾಲದ ತುಂಬ ಇವೆ. ಅವುಗಳಲ್ಲಿ ರಾತ್ರಿಯೆಲ್ಲ ಮಧ್ಯಾಹ್ನ ಆಗಿಬಿಟ್ಟಿದೆ.

ಎರಡನೇ ತೊಂದರೆ ವೇಗದ್ದು. ಮೂಕಿ ಕಾಲದ ಚಿತ್ರವನ್ನು ಈಗಿನ ಸೆಕೆಂಡಿಗೆ 24 ಫ್ರೇಮಿನ ವೇಗದಲ್ಲಿ ಓಡಿಸಿದರೆ ಮನುಷ್ಯರು ಕುಪ್ಪಳಿಸಿದ ಹಾಗೆ ಕಾಣ್ತಾರೆ. ಪ್ರತಿಯ ಅವಧಿ ನೋಡಿದರೆ ಗೊತ್ತಾಗುತ್ತೆ. 63 ನಿಮಿಷ ಅಂತಿದ್ದರೆ ಮುಟ್ಟಬೇಡಿ. ಸುಮಾರು 94 ನಿಮಿಷ, ಬಣ್ಣ ಹಾಕಿದ್ದು, ಮುರ್ನೌ ಹೆಸರಿನ ಪ್ರತಿಷ್ಠಾನ ಪುನರುದ್ಧಾರ ಮಾಡಿಸಿದ್ದು, ಇದು ಬೇಕಾದ್ದು. ‘ಡ್ರಾಕುಲಾ’ ಬರೆದ ಬ್ರಾಮ್ ಸ್ಟೋಕರ್ ಅವರ ಪತ್ನಿ ಅನುಮತಿ ಇಲ್ಲದೆ ಕಥೆ ಬಳಸಿದ್ದಾರೆ ಅಂತ ದಾವೆ ಹೂಡಿ ಗೆದ್ದರು, ಪ್ರತಿಗಳನ್ನೆಲ್ಲ ನಾಶ ಮಾಡಬೇಕು ಅಂತ ಕೋರ್ಟು ಆದೇಶ ಮಾಡಿತ್ತು. ಬೇರೆ ಬೇರೆ ದೇಶಗಳಲ್ಲಿ ಉಳಿದುಕೊಂಡ ಪ್ರಿಂಟುಗಳಿಂದ ಜೋಡಿಸಿದ್ದು ಈಗ ನಾವು ನೋಡ್ತಿರೋದು.

ಮೂರನೇಜಾವ

ಕಂದೀಲು ಸರ್ ಹೇಳಿದ್ದು ಸರಿ. ಪ್ರತಿ ಒಳ್ಳೆಯದಿದ್ದರೂ ಟಿವಿ ಕೆಡಿಸುತ್ತೆ. ಸಿನಿಮಾ ಹಾಕುವ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ.

ಚಿತ್ರವನ್ನು ನುಣುಪು ಮಾಡುವ ಮೋಷನ್ ಸೆಟ್ಟಿಂಗ್ ಒಂದಿರುತ್ತೆ, ಪ್ರತಿ ಕಂಪನಿಯೂ ಅದಕ್ಕೊಂದು ಹೆಸರಿಟ್ಟಿರುತ್ತೆ. ಅದನ್ನು ಪೂರ್ತಿ ಆಫ್ ಮಾಡಿ. ಸಿನಿಮಾದ 24 ಫ್ರೇಮುಗಳ ನಡುವೆ ಟಿವಿ ತಾನೇ ಹುಟ್ಟಿಸಿದ ಫ್ರೇಮುಗಳನ್ನು ತುರುಕುವುದರಿಂದ ಎಂಥ ಚಿತ್ರವೂ ಸಂಜೆಯ ಧಾರಾವಾಹಿಯ ಹಾಗೆ ಕಾಣುತ್ತೆ. ಪಿಕ್ಚರ್ ಮೋಡ್ ‘ಡೈನಾಮಿಕ್’ ಅಥವಾ ‘ವಿವಿಡ್’ ಇದ್ದರೆ ‘ಸಿನಿಮಾ’ ಇಲ್ಲವೇ ‘ಫಿಲ್ಮ್‌ಮೇಕರ್’ಗೆ ಬದಲಿಸಿ. ಕೋಣೆಯ ಬೆಳಕು ನೋಡಿ ತಾನೇ ಮಂಕಾಗುವ ವಿದ್ಯುತ್ ಉಳಿತಾಯದ ಸೆನ್ಸರ್ ಕೂಡ ಆಫ್ ಇರಲಿ. ನೀವು ದೀಪ ಆರಿಸಿದ ಕೂಡಲೇ ಅದು ಚಿತ್ರವನ್ನೂ ಮಂಕು ಮಾಡುತ್ತೆ, ಕತ್ತಲಲ್ಲಿ ಏನಿದೆ ಅಂತ ಕಾಣೋದೇ ಇಲ್ಲ.

ಬ್ರೈಟ್‌ನೆಸ್ ಹೊಂದಿಸೋಕೆ ನಾನು ಹೇಳೋದು ಜಾನ್ ಕಾರ್ಪೆಂಟರ್ ನಿರ್ದೇಶನದ ‘ಹ್ಯಾಲೋವೀನ್’, 1978. ಕೊನೆಯ ಭಾಗದಲ್ಲಿ ನಾಯಕಿ ಲಾರಿ ಬಾಗಿಲ ಪಕ್ಕದ ಗೋಡೆಗೆ ಒರಗಿ ಅಳ್ತಾ ನಿಂತಿರ್ತಾಳೆ. ಹಿಂದಿನ ಕತ್ತಲು ಕೋಣೆಯಲ್ಲಿ ಕೊಲೆಗಾರನ ಬಿಳಿ ಮುಖವಾಡ ನಿಧಾನಕ್ಕೆ ಮೂಡುತ್ತೆ. ಅದು ನಡೆದು ಬರೋದಲ್ಲ, ಅಲ್ಲೇ ಇತ್ತು, ನಮ್ಮ ಕಣ್ಣಿಗೆ ಈಗ ಬಿತ್ತು ಅನ್ನೋ ಹಾಗೆ. ಛಾಯಾಗ್ರಾಹಕ ಡೀನ್ ಕಂಡಿ ಒಂದು ಸಣ್ಣ ದೀಪವನ್ನು ಡಿಮ್ಮರ್‌ನಿಂದ ಮೆಲ್ಲಗೆ ಏರಿಸಿದ್ದು, ಅಷ್ಟೇ. ಮುಖವಾಡ ಮೊದಲಿಂದಲೇ ಕಾಣ್ತಿದ್ದರೆ ಬ್ರೈಟ್‌ನೆಸ್ ಜಾಸ್ತಿ ಆಯ್ತು. ಕೊನೆವರೆಗೂ ಕಾಣದಿದ್ದರೆ ಕಡಿಮೆ ಆಯ್ತು. ಇದೇ ಸಿನಿಮಾದ ಪರದೆಯ ಅಗಲ 2.35ಕ್ಕೆ 1. ಮೇಲೆ ಕೆಳಗೆ ಕಪ್ಪು ಪಟ್ಟಿ ಇರಲೇಬೇಕು. ಪಟ್ಟಿ ಬೇಡ ಅಂತ ‘ಜೂಮ್’ ಒತ್ತಿದರೆ ಅಂಚಿನಲ್ಲಿ ನಿಂತವನು ಹೊರಗೆ ಹೋಗ್ತಾನೆ, ಅಂಚಿನಲ್ಲಿ ನಿಲ್ಲೋದೇ ಅವನ ಕೆಲಸ.

ಇನ್ನು ಸಬ್‌ಟೈಟಲ್. ಕಿವಿ ಕೇಳದವರಿಗಾಗಿ ಮಾಡಿದ ಸಬ್‌ಟೈಟಲ್‌ನಲ್ಲಿ ಶಬ್ದಗಳನ್ನೂ ಬರೆದಿರ್ತಾರೆ. ಬೇಕಾದವರಿಗೆ ಅದು ಬಹಳ ಉಪಯೋಗ. ಆದರೆ ಶಬ್ದ ಕೇಳುವವರಿಗೆ ‘ಹಿಂದೆ ಬಾಗಿಲು ಕಿರುಗುಟ್ಟಿತು’ ಅನ್ನೋ ಸಾಲು ಶಬ್ದಕ್ಕಿಂತ ಒಂದು ಕ್ಷಣ ಮೊದಲೇ ಬಂದು ಎಲ್ಲ ಹೇಳಿಬಿಡುತ್ತೆ. ಆಯ್ಕೆ ಇದ್ದರೆ ಮಾತು ಮಾತ್ರ ಇರುವ ಸಬ್‌ಟೈಟಲ್ ಹಾಕಿ.

ಗೊಂಚಲು

ಪಕ್ಕದ ಕೋಣೆಯಲ್ಲಿ ಮಗು ಮಲಗಿದ್ದರೆ? ಮಾತು ಕೇಳಿಸಲಿ ಅಂತ ಸೌಂಡ್ ಏರಿಸಿದರೆ ಮರುಕ್ಷಣ ಕಿರುಚಾಟ ಕಿವಿಗೆ ಬಡಿಯುತ್ತೆ. ಇಳಿಸಿದರೆ ಮಾತಿಲ್ಲ.

ಮೂರನೇಜಾವ

ಅದಕ್ಕೆ ಮುಖ್ಯ ಕಾರಣ ಆರು ಚಾನಲಿನ (5.1) ಧ್ವನಿ ಟ್ರ್ಯಾಕನ್ನು ಟಿವಿಯ ಎರಡೇ ಸ್ಪೀಕರಿನಲ್ಲಿ ಕೇಳೋದು. ಮಾತು ಇರೋದು ನಡುವಿನ ಚಾನಲಿನಲ್ಲಿ, ಎರಡಕ್ಕೆ ಇಳಿಸಿದಾಗ ಅದು ಸೊರಗುತ್ತೆ. ಧ್ವನಿಯ ಪಟ್ಟಿಯಲ್ಲಿ ‘ಸ್ಟೀರಿಯೊ’ ಇದ್ದರೆ ಅದನ್ನೇ ಆರಿಸಿ, ಅರ್ಧ ತೊಂದರೆ ಹೋಗುತ್ತೆ. ‘ನೈಟ್ ಮೋಡ್’ ಹಾಕಿದರೆ ಸಣ್ಣ ಸದ್ದು ದೊಡ್ಡದಾಗಿ, ದೊಡ್ಡದು ಸಣ್ಣದಾಗಿ, ಎಲ್ಲ ಒಂದೇ ಮಟ್ಟಕ್ಕೆ ಬರುತ್ತೆ. ಮಗುವಿಗೆ ಒಳ್ಳೆಯದು, ಭಯಕ್ಕೆ ಅಲ್ಲ. ನಿಶ್ಶಬ್ದ ನಿಜವಾಗಿಯೂ ನಿಶ್ಶಬ್ದವಾಗಿದ್ದರೆ ತಾನೆ ಸದ್ದಿಗೆ ಬೆಲೆ?

ಹೆಡ್‌ಫೋನ್ ಎಲ್ಲಕ್ಕಿಂತ ಮೇಲು. ವೈರ್ ಇರುವುದೇ ಇರಲಿ. ಬ್ಲೂಟೂತ್‌ನಲ್ಲಿ ಧ್ವನಿ ತಡವಾಗಿ ಬರುತ್ತೆ, ಬಾಗಿಲು ಬಡಿದದ್ದು ಕಂಡ ಮೇಲೆ ಸದ್ದು. ಅಷ್ಟು ಸಣ್ಣ ಅಂತರವೇ ದೃಶ್ಯವನ್ನು ಕೊಲ್ಲುತ್ತೆ. ಬ್ಲೂಟೂತೇ ಗತಿ ಅಂದರೆ ಟಿವಿಯ ‘ಆಡಿಯೊ ಡಿಲೇ’ ಅಥವಾ ‘ಲಿಪ್ ಸಿಂಕ್’ ಸೆಟ್ಟಿಂಗಿನಲ್ಲಿ, ಮಾತಾಡುವ ತುಟಿ ನೋಡ್ತಾ ಹೊಂದಿಸಿ.

ಹುಣಸೆಮರ

ಮೆಲ್ಲನೆಯ ಸದ್ದಿಗೆ ಹೇಳಿ ಮಾಡಿಸಿದ ಎರಡು ಚಿತ್ರ. ಎರಡೂ ಕಪ್ಪುಬಿಳುಪು, ಎರಡೂ ಪುಸ್ತಕದಿಂದ ಬಂದವು.

ಒಂದು, ಜ್ಯಾಕ್ ಕ್ಲೇಟನ್ ನಿರ್ದೇಶನದ ‘ದಿ ಇನ್ನೊಸೆಂಟ್ಸ್’, 1961. ಹೆನ್ರಿ ಜೇಮ್ಸ್ 1898ರಲ್ಲಿ ಬರೆದ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಇದರ ಮೂಲ. ಶುರುವಿನಲ್ಲಿ ಪರದೆ ಪೂರ್ತಿ ಕಪ್ಪು, ಹುಡುಗಿಯೊಬ್ಬಳ ಹಾಡು ಮಾತ್ರ ಕೇಳುತ್ತೆ, ಕಂಪನಿಯ ಲಾಂಛನ ಕೂಡ ಆಮೇಲೆ ಬರೋದು. ಟಿವಿ ಕೆಟ್ಟಿದೆ ಅಂತ ರಿಮೋಟ್ ಹುಡುಕಬೇಡಿ, ‘ಸ್ಕಿಪ್’ ಒತ್ತಲೂಬೇಡಿ. ಆ ಹಾಡು ಮುಂದೆ ಬೇಕಾಗುತ್ತೆ. ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಫಿಲ್ಟರಿನ ಅಂಚುಗಳಿಗೆ ಬಣ್ಣ ಬಳಿದು, ಅಗಲ ಪರದೆಯ ಎರಡೂ ಬದಿಯನ್ನು ಕತ್ತಲಾಗಿಸಿದರು. ನಡುವೆ ಮೇಣದಬತ್ತಿಯ ಬೆಳಕು, ಅಕ್ಕಪಕ್ಕ ಏನಿದೆಯೋ ಅನ್ನೋ ಕಳವಳ.

ಎರಡು, ರಾಬರ್ಟ್ ವೈಸ್ ನಿರ್ದೇಶನದ ‘ದಿ ಹಾಂಟಿಂಗ್’, 1963. ಶರ್ಲಿ ಜ್ಯಾಕ್ಸನ್ 1959ರಲ್ಲಿ ಬರೆದ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ಕಾದಂಬರಿಯ ಚಿತ್ರರೂಪ. ಇದೇ ಹೆಸರಿನಲ್ಲಿ 1999ರ ಚಿತ್ರ ಒಂದಿದೆ, ಅದು ಬೇಡ. 2018ರ ಧಾರಾವಾಹಿ ಬೇರೆಯೇ ಕಥೆ, ಹೆಸರು ಮಾತ್ರ ಅದೇ. 1963ರದ್ದರಲ್ಲಿ ದೆವ್ವ ಕೊನೆವರೆಗೂ ಕಣ್ಣಿಗೆ ಬೀಳೋದಿಲ್ಲ. ಬಾಗಿಲೊಂದು ಒಳಮುಖವಾಗಿ ಉಬ್ಬುತ್ತೆ, ಮತ್ತೆ ತಗ್ಗುತ್ತೆ, ಮರದ ಬಾಗಿಲು ಉಸಿರಾಡಿದ ಹಾಗೆ. ಪದರ ಪದರವಾದ ಹಲಗೆಯ ಬಾಗಿಲು ಮಾಡಿಸಿ, ಹಿಂದಿನಿಂದ ಗಟ್ಟಿ ಆಳೊಬ್ಬ ತಳ್ಳಿದ್ದು. ಮನೆಯ ಹೊರನೋಟವನ್ನು ಇನ್‌ಫ್ರಾರೆಡ್ ಫಿಲ್ಮಿನಲ್ಲಿ ತೆಗೆದಿದ್ದಾರೆ, ಅದಕ್ಕೇ ಗೋಡೆಯ ಕಲ್ಲು ಅಷ್ಟು ಅಸಹಜವಾಗಿ ಎದ್ದು ಕಾಣೋದು.

ಓದು ಮೊದಲೋ ಸಿನಿಮಾ ಮೊದಲೋ ಅಂದರೆ, ಜೇಮ್ಸ್‌ದು ಸಿನಿಮಾ ಮೊದಲು. ಅವರ ಉದ್ದುದ್ದ ವಾಕ್ಯಗಳಲ್ಲಿ ಮೊದಲ ಓದಿಗೆ ದಾರಿ ತಪ್ಪುತ್ತೆ, ಮನೆಯ ನಕ್ಷೆ ತಲೆಯಲ್ಲಿದ್ದರೆ ಸಲೀಸು. ಜ್ಯಾಕ್ಸನ್‌ರದು ಪುಸ್ತಕವೇ ಮೊದಲು. ಕಥಾನಾಯಕಿ ಎಲಿನರ್‌ಳ ತಲೆಯೊಳಗೆ ನಡೆಯೋದನ್ನು ಯಾವ ಕ್ಯಾಮೆರಾವೂ ಪೂರ್ತಿ ಹಿಡಿದಿಲ್ಲ.

ಪುಟದಂಚು

ಓದಿನ ಮಾತು ಬಂತಲ್ಲ, ಕನ್ನಡದಲ್ಲೇ ಇರೋದನ್ನು ಮೊದಲು ಹೇಳೋಣ. ಭಯಕ್ಕೆ ದೆವ್ವವೇ ಬೇಕು ಅಂತಿಲ್ಲ. ಜಿಮ್ ಕಾರ್ಬೆಟ್ ಬರೆದದ್ದನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ನನ್ನ ಮೊದಲ ಆಯ್ಕೆ. 1918ರಿಂದ 1926ರವರೆಗೆ ಒಂದು ಚಿರತೆ ಸರ್ಕಾರಿ ಲೆಕ್ಕದಲ್ಲೇ 125 ಜನರನ್ನು ಕೊಂದ ಕಥೆ. ಕೇದಾರ, ಬದರಿಗೆ ಹೋಗುವ ಯಾತ್ರಿಕರ ದಾರಿ ಅದು. ಸಂಜೆ ಆದರೆ ಊರಿಗೆ ಊರೇ ಬಾಗಿಲು ಹಾಕಿ ಕೂರುತ್ತೆ, ಒಂದು ಸದ್ದಿಲ್ಲ.

ಮೊದಲ ಭಾಗದಲ್ಲೇ ಒಂದು ಪ್ರಸಂಗ ಬರುತ್ತೆ. ಇಬ್ಬರು ಸ್ನೇಹಿತರು ಕತ್ತಲು ಕೋಣೆಯಲ್ಲಿ ಕೂತು ಒಂದೇ ಹುಕ್ಕಾ ಸೇದ್ತಿದ್ದಾರೆ. ಬಾಗಿಲ ಕಡೆ ಕೂತವನ ಕೈಯಿಂದ ಹುಕ್ಕಾ ಜಾರಿ ಬಿದ್ದು ಕೆಂಡ ಚೆಲ್ಲುತ್ತೆ. ಹುಷಾರಾಗಿರು, ಕಂಬಳಿಗೆ ಬೆಂಕಿ ಹತ್ತೀತು ಅಂತ ಇವನು ಕೆಂಡ ಆರಿಸೋಕೆ ಬಗ್ಗಿದಾಗ ಬಾಗಿಲು ಕಣ್ಣಿಗೆ ಬೀಳುತ್ತೆ. ಬೆಳದಿಂಗಳಿನ ಎದುರು, ಸ್ನೇಹಿತನನ್ನು ಕಚ್ಚಿಕೊಂಡು ಹೊರಹೋಗ್ತಿರುವ ಚಿರತೆಯ ಆಕಾರ. ಪಕ್ಕದಲ್ಲಿ ಕೂತವನಿಗೆ ಒಂದು ಸಣ್ಣ ಸದ್ದೂ ಕೇಳಿರಲಿಲ್ಲ. ಎಷ್ಟೋ ದೆವ್ವದ ಕಥೆಗಳಲ್ಲಿ ಇಲ್ಲದ ಭಯ ಆ ಬಿದ್ದ ಹುಕ್ಕಾದಲ್ಲಿದೆ.

ಇದನ್ನು ಒಂದೇ ಕೂರಿಕೆಗೆ ಮುಗಿಸಬೇಡಿ. ಕಾರ್ಬೆಟ್ ಮಾವಿನ ಮರದ ಮೇಲೆ ಕಾಯುವ ರಾತ್ರಿಗಳು ಒಂದರ ಹಿಂದೆ ಒಂದು ಬರುತ್ತವೆ, ಕೆಳಗೆ ಕಟ್ಟಿದ ಮೇಕೆಯ ಕೊರಳ ಗಂಟೆಯೊಂದೇ ಅವರಿಗೆ ಕಣ್ಣು. ಅಲ್ಲಿ ದಿನಕ್ಕೆ ಒಂದೇ ಅಧ್ಯಾಯ ಓದಿ. ಆ ಕಾಯುವಿಕೆ ನಿಮ್ಮ ಮೈಗೂ ಹತ್ತಬೇಕು. ಇದು ಹಿಡಿಸಿದರೆ ಕೆನೆತ್ ಆಂಡರ್ಸನ್ ಆಧರಿಸಿ ತೇಜಸ್ವಿ ಬರೆದ ‘ಕಾಡಿನ ಕಥೆಗಳು’ ಸರಣಿಗೆ ಹೋಗಿ. ಅದರ ಕಾಡು ನಮ್ಮ ಪಕ್ಕದ್ದೇ, ಭಯ ಇನ್ನೂ ಹತ್ತಿರ.

ಎಂಬತ್ತರ ದಶಕದ ಓದುಗರನ್ನು ಕೇಳಿದರೆ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಅಂತಾರೆ. ತೆಲುಗಿನಿಂದ ಬಂದದ್ದು. ಅದರ ಹಿಡಿತ ಇರೋದು ಒಂದೇ ಕಡೆ. ತುಳಸಿ ಅನ್ನೋ ಮಗುವಿಗೆ ಆಗ್ತಿರೋದಕ್ಕೆ ಮಾಟದ ವಿವರಣೆಯೂ ಇದೆ, ವೈದ್ಯದ ವಿವರಣೆಯೂ ಇದೆ, ಎರಡೂ ಕೊನೆವರೆಗೆ ಒಟ್ಟಿಗೆ ಓಡ್ತವೆ. ಓದುವಾಗ ಯಾವುದಾದರೂ ಒಂದು ಕಡೆ ಗಟ್ಟಿಯಾಗಿ ನಿಂತುಬಿಟ್ಟರೆ ಪುಸ್ತಕ ಅರ್ಧ ಸತ್ತಂತೆ.

ಘಟ್ಟದಕೆಳಗೆ

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಂಥ ಪಟ್ಟಿಗಳಲ್ಲಿ ತುಳುನಾಡಿನ ಭೂತ ಕೋಲವನ್ನು ದೆವ್ವದ ಸಾಲಿಗೆ ಸೇರಿಸುವವರು ಇದ್ದಾರೆ. ನಮ್ಮಲ್ಲಿ ಭೂತ ಹೇಳಿದರೆ ದೈವ. ನಂಬುವುದು, ನೇಮ ಕೊಡುವುದು, ನ್ಯಾಯ ಕೇಳುವುದು. ಸತ್ತವರ ಆತ್ಮಕ್ಕೆ ಕುಲೆ ಎಂಬ ಬೇರೆಯೇ ಶಬ್ದ ಉಂಟು. ಕುಲೆಗಳಿಗೂ ನಮ್ಮಲ್ಲಿ ಹೆದರಿಸುವ ಸಂಬಂಧಕ್ಕಿಂತ ಋಣದ ಸಂಬಂಧವೇ ದೊಡ್ಡದು. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮದುವೆ ಆಗದೆ ತೀರಿಹೋದವರಿಗೆ ಪ್ರೇತ ಮದುವೆ ಮಾಡಿಸುತ್ತಾರೆ. ಎರಡು ಕುಟುಂಬದವರು ಕೂತು ಸಂಬಂಧ ನೋಡಿ, ಸೀರೆ, ಊಟ ಎಲ್ಲ ಕ್ರಮಪ್ರಕಾರ. ಅದನ್ನು ಭಯದ ವಿಡಿಯೊ ಮಾಡಿ ಹಾಕುವುದು ಸರಿಯಲ್ಲ ಮಾರಾಯ್ರೆ.

ಈ ವ್ಯತ್ಯಾಸ ಗೊತ್ತಿಟ್ಟುಕೊಂಡು ಅನೂಪ್ ಭಂಡಾರಿಯವರ ‘ರಂಗಿತರಂಗ’ ನೋಡಿ, 2015ರದ್ದು. ಜನ ಭೂತ ಎಂದು ಯಾವುದನ್ನು ಹೆದರುತ್ತಿದ್ದಾರೆ, ನಿಜವಾಗಿ ಹೆದರಬೇಕಾದ್ದು ಯಾವುದಕ್ಕೆ ಎಂಬಲ್ಲೇ ಕಥೆ ನಿಂತಿದೆ. ಅದರಲ್ಲಿ ಬರುವ ‘ಡೆನ್ನಾನ ಡೆನ್ನಾನ’ ಎಂಬ ಹಾಡಿನ ಮೂಲ ದೂರದರ್ಶನದ ‘ಗುಡ್ಡದ ಭೂತ’ ಧಾರಾವಾಹಿ. ಸದಾನಂದ ಸುವರ್ಣರ ನಿರ್ದೇಶನ, 13 ಕಂತು, ಪ್ರಕಾಶ್ ರೈ ಅದರಲ್ಲಿದ್ದಾರೆ. ಮೊದಲು ಗುಡ್ಡದ ಭೂತ, ಆಮೇಲೆ ರಂಗಿತರಂಗ, ಈ ಕ್ರಮದಲ್ಲಿ ನೋಡಿದರೆ ಆ ಹಾಡು ಬಂದಾಗ ಮೈ ಜುಂ ಎನ್ನುತ್ತದೆ. ಹಳೆಯ ಟೇಪಿನ ಧ್ವನಿ ಅಷ್ಟಕ್ಕಷ್ಟೆ, ಹೆಡ್‌ಫೋನ್ ಇರಲಿ.

ಏಳುಬಾಗಿಲು

‘ಆಪ್ತಮಿತ್ರ’ ಇನ್ನೂ ಯಾರೂ ಹೇಳಲಿಲ್ಲ! ಪಿ. ವಾಸು, 2004, ಮೂಲ 1993ರ ಮಲಯಾಳದ ‘ಮಣಿಚಿತ್ರತ್ತಾಳ್’. ಎರಡನ್ನೂ ನೋಡಿ, ಆದರೆ ಡಬ್ ಆದದ್ದನ್ನು ಮಾತ್ರ ನೋಡಲೇಬೇಡಿ. ಕಾರಣ ಹೇಳ್ತೀನಿ.

ಮಲಯಾಳದ ಗಂಗಾ ಮನೆಯಲ್ಲಿ ಎಲ್ಲರ ಹಾಗೆ ಮಲಯಾಳ ಆಡುವ ಹೆಂಗಸು. ಅವಳ ಮೇಲೆ ನಾಗವಲ್ಲಿ ಬಂದಾಗ ಬಾಯಿಂದ ತಮಿಳು ಬರುತ್ತೆ, ಯಾಕಂದರೆ ನಾಗವಲ್ಲಿ ತಮಿಳುನಾಡಿನ ನರ್ತಕಿ. ಕನ್ನಡದಲ್ಲಿ ಸೌಂದರ್ಯ ಅವರ ಗಂಗಾ ತೆಲುಗು ಆಡ್ತಾಳೆ, ‘ರಾ ರಾ’ ಹಾಡು ತೆಲುಗಿನದ್ದು. ಹಿಂದಿಯ ‘ಭೂಲ್ ಭುಲಯ್ಯಾ’ದಲ್ಲಿ ಅದು ಬಂಗಾಳಿ. ಮೈಮೇಲೆ ಬಂದವರು ತಮ್ಮದಲ್ಲದ ಭಾಷೆ ಆಡ್ತಾರೆ ಅನ್ನೋದು ನಮ್ಮ ಹಳ್ಳಿಹಳ್ಳಿಯಲ್ಲಿ ಕೇಳಿರುವ ಮಾತು. ಬಣ್ಣ, ಬೆಳಕು, ಮೇಕಪ್ಪು ಆಮೇಲೆ. ಎದುರಿಗೆ ಕೂತ ಗಂಡನಿಗೆ ಹೆಂಡತಿಯ ಬಾಯಿಂದ ಬೇರೆ ನುಡಿ ಕೇಳಿಸಿತಲ್ಲ, ಅಲ್ಲೇ ಎದೆ ಝಲ್ಲೆನ್ನೋದು. ಡಬ್ಬಿಂಗಿನಲ್ಲಿ ಎಲ್ಲ ಒಂದೇ ಭಾಷೆ ಆದಾಗ ಇದು ಅಳಿಸಿಹೋಗುತ್ತೆ, ಉಳಿಯೋದು ಬರೀ ಕಣ್ಣು ಕೆಂಪಗೆ ಮಾಡಿಕೊಂಡ ನಟಿ. ಸಬ್‌ಟೈಟಲ್ ಮಾಡುವವರು ಕೂಡ ‘ಈಗ ತೆಲುಗಿನಲ್ಲಿ’ ಅಂತ ಒಂದು ಗುರುತು ಹಾಕಲೇಬೇಕು. ಹೊರದೇಶದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ತೋರಿಸೋದಾದರೆ ಈ ಭಾಷೆಯ ವಿಷಯ ಮೊದಲೇ ಹೇಳಿಡಿ.

ಮಣಿಚಿತ್ರತ್ತಾಳ್‌ಗಾಗಿ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಚಿತ್ರ ತೆರೆಗೆ ಬರುವ ಮೊದಲೇ ಸೌಂದರ್ಯ ತೀರಿಕೊಂಡರು, 2004ರ ಏಪ್ರಿಲ್‌ನಲ್ಲಿ.

ಜೋಳದಹೊಲ

ಮಳಿ ಹತ್ತಿದ ರಾತ್ರಿ ನೋಡೂ ಸಿನಿಮಾ ಅಂದ್ರ ‘ತುಂಬಾಡ್’, 2018. ಕೊಂಕಣದ ಕಡೀ ಕಥಿ, ಮೂರು ಭಾಗ: 1918, 1933, 1947. ಆ ಮಳಿ ಸುಳ್ಳ ಮಳಿ ಅಲ್ರಿ, ಹಲವು ಮಳೆಗಾಲ ಕಾದು ತಗದಾರ. ಬಿಸಲ ಬೀಳೂ ಹೊತ್ತಿನ್ಯಾಗ, ಕಿಟಕಿ ತಗದು ನೋಡಿದ್ರ ಆ ಬೂದು ಬಣ್ಣ ಪೂರಾ ತೊಳದು ಹೋಗ್ತದ. ಇದರಾಗಿನ ಭಯ ದುರಾಸೇದ್ದು. ಕಥಿಯೊಳಗಿನ ಶಾಪಗ್ರಸ್ತ ದೇವರು ಹಸ್ತರ್‌ಗೆ ಬಂಗಾರ ಸಿಕ್ಕದ, ಅನ್ನ ಸಿಕ್ಕಿಲ್ಲ. ಕಣಕದ ಗೊಂಬಿ ಹಿಡಕೊಂಡು ಒಳಗ ಇಳಿಯೂ ದೃಶ್ಯ ಮುಗಿಯೂತನಕಾ ಯಾರೂ ಎದ್ದು ಹೋಗಬ್ಯಾಡ್ರಿ.

ಕಪ್ಪುಬಿಳುಪಿನ ‘ಭ್ರಮಯುಗಂ’, 2024, ಮಮ್ಮುಟ್ಟಿ ಅವರದು, ಇದರ ಜೋಡಿ ಛಲೋ ಆಗ್ತದ. ಎರಡೂ ಒಂದೇ ರಾತ್ರಿ ಬ್ಯಾಡ.

ಗೊಂಚಲು

‘ದಿ ಎಕ್ಸಾರ್ಸಿಸ್ಟ್’ ಯಾವ ಪ್ರತಿ? ಎರಡು ಕಾಣ್ತಿದೆ.

ಹುಣಸೆಮರ

1973ರದ್ದು 122 ನಿಮಿಷ, 2000ದಲ್ಲಿ ಮತ್ತೆ ಬಂದದ್ದು 132. ದೆವ್ವ ಹಿಡಿದ ಹುಡುಗಿ ಮೆಟ್ಟಿಲ ಮೇಲೆ ಜೇಡದ ಹಾಗೆ ಅಂಗಾತ ಇಳಿಯೋದು ಎರಡನೆಯದರಲ್ಲಿ ಮಾತ್ರ. ಮೊದಲ ಸಲ ನೋಡುವವರಿಗೆ 122ರದ್ದೇ. ಆ ದೃಶ್ಯ ಬಹಳ ಬೇಗ ಬಂದುಬಿಡುತ್ತೆ, ಡಾಕ್ಟರು, ಸ್ಕ್ಯಾನು, ಪರೀಕ್ಷೆ ಅಂತ ತಾಯಿ ಅಲೆಯುವ ಭಾಗಕ್ಕೆ ಇದ್ದ ಅನುಮಾನವನ್ನು ಕಸಿಯುತ್ತೆ.

ಏಳುಬಾಗಿಲು

ನಾನು ಒಪ್ಪೋದಿಲ್ಲ. ಇಷ್ಟು ಹೊತ್ತಿಗೆ ಆ ಕಥೆ ಗೊತ್ತಿಲ್ಲದವರು ಯಾರು? ಅನುಮಾನ ಅಂತೂ ಉಳಿದಿಲ್ಲ. ಉದ್ದದ ಪ್ರತಿಯಲ್ಲಿ ಇಬ್ಬರು ಪಾದ್ರಿಗಳು ಮೆಟ್ಟಿಲ ಮೇಲೆ ಕೂತು ಮಾತಾಡೋದು ಪೂರ್ತಿ ಇದೆ, ಇದೆಲ್ಲ ಈ ಮಗುವಿಗೆ ಯಾಕೆ ಅನ್ನೋ ಪ್ರಶ್ನೆ ಅಲ್ಲಿ ಬರುತ್ತೆ. ನನಗೆ ಅದು ಬೇಕು.

ಕಂದೀಲು

ಎರಡೂ ಮಾತು ಇರಲಿ. ಪ್ರತಿಯ ವಿಷಯಕ್ಕೇ ಇನ್ನೆರಡು ಸೇರಿಸ್ತೀನಿ, ಯಾಕಂದರೆ ಇವುಗಳಲ್ಲಿ ಒಂದೊಂದು ಕಥೆಯೇ ಮಾಯವಾಗಿದೆ.

ಕೊಬಯಾಶಿ ನಿರ್ದೇಶನದ ಜಪಾನಿನ ‘ಕ್ವೈದಾನ್’, 1964. ನಾಲ್ಕು ಕಥೆ, 183 ನಿಮಿಷ. ಸುಮಾರು ಎರಡು ಗಂಟೆಯ ಪ್ರತಿ ಸಿಕ್ಕಿದರೆ ಅದರಲ್ಲಿ ಹಿಮದ ಹೆಂಗಸಿನ ಕಥೆ ಇಲ್ಲ ಅಂತಲೇ ತಿಳಿಯಿರಿ, ಅಮೆರಿಕದ ಬಿಡುಗಡೆಗೆ ಅದನ್ನು ಕತ್ತರಿಸಿದ್ದರು. ವಿಮಾನದ ಹ್ಯಾಂಗರಿನೊಳಗೆ ಸೆಟ್ ಹಾಕಿ, ಆಕಾಶವನ್ನೇ ಬಣ್ಣದಲ್ಲಿ ಬರೆದಿದ್ದಾರೆ, ಆ ಕಥೆಯ ಆಕಾಶದಲ್ಲಿ ಕಣ್ಣುಗಳಿವೆ. ತೊರು ತಕೆಮಿತ್ಸು ಅವರ ಸಂಗೀತ, ಮರ ಸೀಳುವ ಸದ್ದು, ಆಮೇಲೆ ಏನೂ ಇಲ್ಲ. ಎರಡು ರಾತ್ರಿಗೆ ಎರಡೆರಡು ಕಥೆ ಹಂಚಿಕೊಳ್ಳಿ. ಲಾಫ್ಕಾಡಿಯೊ ಹರ್ನ್ ಬರೆದ ಅದೇ ಹೆಸರಿನ ಪುಸ್ತಕ 1904ರದ್ದು, ಆದರೆ ಸಿನಿಮಾದ ನಾಲ್ಕರಲ್ಲಿ ಎರಡೇ ಅದರಲ್ಲಿವೆ: ಹಿಮದ ಹೆಂಗಸು, ಕಿವಿಯಿಲ್ಲದ ಹೋಯಿಚಿ. ಉಳಿದವು ಅವರ ಬೇರೆ ಪುಸ್ತಕಗಳಿಂದ.

ಸತ್ಯಜಿತ್ ರೇ ಅವರ ‘ತೀನ್ ಕನ್ಯಾ’, 1961. ರವೀಂದ್ರನಾಥ ಠಾಕೂರರ ಮೂರು ಕಥೆ. ನಡುವಿನದ್ದು ‘ಮಣಿಹಾರ’, ಒಡವೆಯ ಮೇಲಿನ ಆಸೆ ಸತ್ತಮೇಲೂ ಬಿಡದ ಹೆಂಗಸಿನದ್ದು. ಹೊರದೇಶಕ್ಕೆ ಕಳಿಸಿದ ಪ್ರತಿ ‘ಟೂ ಡಾಟರ್ಸ್’, ಹೆಸರೇ ಹೇಳುವ ಹಾಗೆ ಎರಡೇ ಕಥೆ, ಬಿಟ್ಟದ್ದು ಇದನ್ನೇ. ನಮ್ಮ ನರಕ ಚತುರ್ದಶಿಯ ಹೊತ್ತಿಗೆ ಬಂಗಾಳದಲ್ಲಿ ಭೂತ ಚತುರ್ದಶಿ, ಮನೆಗೆ 14 ದೀಪ ಇಡ್ತಾರೆ. ಆ ರಾತ್ರಿಗೆ ಮಣಿಹಾರ ಇಟ್ಟುಕೊಳ್ಳಿ.

ಕಾರಿಡಾರ್

ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸುವ ಯೋಚನೆ ಇದೆ. ಸುಮಾರು ನಲವತ್ತು ಜನ, ಮಕ್ಕಳೂ ಇರ್ತಾರೆ. ಏನು ಎಚ್ಚರಿಕೆ ಬೇಕು?

ಮೂರನೇಜಾವ

ಮೊದಲು ಹಕ್ಕಿನ ವಿಷಯ. ಮನೆಗೆ ತಗೊಂಡ ಒಟಿಟಿ ಚಂದಾದಲ್ಲಿ ಸಂಘದ ಪ್ರದರ್ಶನಕ್ಕೆ ಅನುಮತಿ ಇರೋದಿಲ್ಲ, ಟಿಕೆಟ್ ಇಲ್ಲದಿದ್ದರೂ ಅಷ್ಟೇ. ಹಕ್ಕು ಇರುವವರಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ. ಹಾಗಾಗಿ ನೊಸ್ಫೆರಾಟು ಚಿತ್ರಕ್ಕೆ ತೊಂದರೆ ಇಲ್ಲ, ಆದರೆ ಈಚೆಗೆ ಸೇರಿಸಿದ ಸಂಗೀತದ ಹಕ್ಕು ಬೇರೆ, ಪುನರುದ್ಧಾರದ ಪ್ರತಿಗೂ ಅದರ ಸಂಸ್ಥೆಯನ್ನು ಕೇಳಬೇಕು. ಸಂಗೀತ ತೆಗೆದು, ನಿಮ್ಮಲ್ಲೇ ಮೃದಂಗ, ಪಿಟೀಲು, ಹಾರ್ಮೋನಿಯಂ ನುಡಿಸುವವರನ್ನು ಪರದೆಯ ಪಕ್ಕ ಕೂರಿಸಿ. ಮೂಕಿ ಕಾಲದಲ್ಲಿ ಹಾಗೇ ನಡೀತಿತ್ತು. ಎರಡು ಸಲ ಚಿತ್ರ ನೋಡಿ ಅಭ್ಯಾಸ ಮಾಡಿಕೊಂಡರೆ ಸಾಕು.

ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಹಾಕಲು ಬರೋದಿಲ್ಲ. ಬೆಳಕು ಹಾಕದ ಜಾಗವೇ ಅದರ ಕಪ್ಪು. ಅಲ್ಲಿಗೆ ಪಕ್ಕದ ಕಟ್ಟಡದ ಟ್ಯೂಬ್‌ಲೈಟ್ ಬಿದ್ದರೆ ಕಪ್ಪು ಬೂದು ಬಣ್ಣವಾಗುತ್ತೆ. ಆದ್ದರಿಂದ ತುಂಬಾಡ್‌ನಂಥ ಕತ್ತಲೆ ಚಿತ್ರ ತಾರಸಿಗೆ ಬೇಡ, ಬೆಳಕು ನೆರಳು ಕತ್ತರಿಸಿದಂತಿರುವ ಹಳೆಯ ಕಪ್ಪುಬಿಳುಪು ಚಿತ್ರ ಆರಿಸಿ. ಏಳೂವರೆಗೆ ಮೊದಲು ಶುರು ಮಾಡಬೇಡಿ. 100 ಇಂಚಿನ ಚಿತ್ರದ ಅಗಲ ಸುಮಾರು 2.2 ಮೀಟರ್. ಥ್ರೋ ರೇಶಿಯೊ (ಪರದೆಗಿರುವ ದೂರಕ್ಕೂ ಚಿತ್ರದ ಅಗಲಕ್ಕೂ ಇರುವ ಅನುಪಾತ) 1.2 ಇದ್ದರೆ ಪ್ರೊಜೆಕ್ಟರ್ 2.65 ಮೀಟರ್ ದೂರ ಇರಬೇಕು. ನಿಮ್ಮದರ ರೇಶಿಯೊ ಕೈಪಿಡಿಯಲ್ಲಿರುತ್ತೆ, ಅಗಲದಿಂದ ಗುಣಿಸಿ. ಒಂಟಿ ಬೆಡ್‌ಶೀಟ್ ಕಟ್ಟಿದರೆ ಬೆಳಕು ಆಚೆ ಸೋರುತ್ತೆ, ಹಿಂದೆ ಕಪ್ಪು ಬಟ್ಟೆ ಕಟ್ಟಿ ನಾಲ್ಕೂ ಮೂಲೆ ಎಳೆದು ಬಿಗಿಯಿರಿ. ಸುಣ್ಣ ಹೊಡೆದ ಗೋಡೆ ಇದ್ದರೆ ಅದೇ ಒಳ್ಳೆಯದು. ಸ್ಪೀಕರಿಗೆ ವೈರ್. ಹಿಂಗಾರು ಮಳೆ ಸಂಜೆಗೇ ಬರೋದರಿಂದ ಕೆಳಗಿನ ಹಾಲನ್ನೂ ಅದೇ ದಿನಕ್ಕೆ ಕೇಳಿಡಿ.

ಪುಟದಂಚು

ಮಕ್ಕಳು ಇರುವ ಕಡೆ ನೊಸ್ಫೆರಾಟು ಬೇಡ ಅನ್ನಿಸಿದರೆ, ರೇ ಅವರ ‘ಗೂಪಿ ಗಾಯೆನ್ ಬಾಘಾ ಬಾಯೆನ್’, 1969, ಅನುಮತಿ ತಗೊಂಡು. ಕಾಡಿನಲ್ಲಿ ದೆವ್ವಗಳು ಕುಣಿಯುವ ಆರೂವರೆ ನಿಮಿಷ ಇದೆಯಲ್ಲ, ಅದರ ತಾಳ ಪೂರ್ತಿ ನಮ್ಮ ಕರ್ನಾಟಕ ಸಂಗೀತದ ತಾಳವಾದ್ಯ ಕಚೇರಿಯದ್ದು. ದೆವ್ವಗಳಲ್ಲಿ ನಾಲ್ಕು ವರ್ಗ: ರಾಜರು, ರೈತಾಪಿ ಜನ, ಬಿಳಿಯರು, ದಢೂತಿಗಳು. ವಾದ್ಯವೂ ನಾಲ್ಕು: ಮೃದಂಗ, ಖಂಜಿರ, ಘಟ, ಮೋರ್ಚಿಂಗ್. ರಾಜರು ಬಂದಾಗ ಮೃದಂಗ. ಹುಡುಗರಿಗೆ ಮೊದಲೇ ನಾಲ್ಕು ವಾದ್ಯದ ಸದ್ದು ಕೇಳಿಸಿ, ಆಮೇಲೆ ಯಾರು ಯಾವುದಕ್ಕೆ ಕುಣಿದರು ಅಂತ ಕೇಳಿ. ಹೆದರಿಕೆಯ ಬದಲು ಕಿವಿ ಚುರುಕಾಗುತ್ತೆ.

ಮಕ್ಕಳ ಓದಿಗೆ ಬೇತಾಳನ ಕಥೆಗಳು. 25 ಕಥೆ, ರಾತ್ರಿಗೊಂದು, ಮಹಾಲಯದ ಮಾರನೇ ದಿನ ಶುರು ಮಾಡಿದರೆ ದೀಪಾವಳಿಗೆ ನಾಲ್ಕು ದಿನ ಮಿಗುತ್ತೆ. ಓದುವ ಕ್ರಮ ಹೀಗಿರಲಿ: ಬೇತಾಳ ಒಗಟು ಕೇಳಿದಲ್ಲಿ ಪುಸ್ತಕ ಮುಚ್ಚಿ. ರಾಜನ ಉತ್ತರ ಬೆಳಿಗ್ಗೆ ಮಕ್ಕಳು ತಮ್ಮದು ಹೇಳಿದ ಮೇಲೆ. ಕೊನೆಯ ಒಗಟಿಗೆ ರಾಜನಿಗೂ ಉತ್ತರ ಗೊತ್ತಿಲ್ಲ, ಸುಮ್ಮನಾಗ್ತಾನೆ. ಆ ಒಗಟು ತಂದೆ ಮಗ, ತಾಯಿ ಮಗಳ ಮದುವೆಯ ಗೋಜಲಿನದ್ದು, ಹತ್ತು ವರ್ಷದ ಒಳಗಿನವರಿಗೆ ನೀವೇ ಸರಳ ಮಾಡಿ ಹೇಳಬೇಕಾಗುತ್ತೆ.

ಕಾರಿಡಾರ್

ದೊಡ್ಡವರಿಗೆ ಗಟ್ಟಿಯಾಗಿ ಓದುವಂಥದ್ದು? ಅಮಾವಾಸ್ಯೆ ರಾತ್ರಿ ಒಂದು ಗಂಟೆಯಷ್ಟು.

ಪುಟದಂಚು

ಸಾಮಾನ್ಯ ಕನ್ನಡ ಪುಸ್ತಕದ ಒಂದು ಪುಟ ಗಟ್ಟಿಯಾಗಿ ಓದಲು ಎರಡರಿಂದ ಎರಡೂವರೆ ನಿಮಿಷ ಹಿಡಿಯಿರಿ. ಅರ್ಧ ಗಂಟೆಗೆ 12 ಪುಟ. ಅದಕ್ಕಿಂತ ಹೆಚ್ಚು ಒಬ್ಬರೇ ಓದಿದರೆ ದನಿ ಸೋಲುತ್ತೆ, ಕೇಳುವವರ ಗಮನವೂ ಜಾರುತ್ತೆ.

ಮೊದಲ ಅರ್ಧ ಗಂಟೆಗೆ ‘ವಡ್ಡಾರಾಧನೆ’ಯ ಮೊದಲ ಕಥೆ, ಸುಕುಮಾರಸ್ವಾಮಿಯದು. ಹೊಸಗನ್ನಡದ ಗದ್ಯಾನುವಾದ ತಗೊಳ್ಳಿ. ದೀಪದ ಬೆಳಕಿಗೇ ಕಣ್ಣಲ್ಲಿ ನೀರು ಬರುವಷ್ಟು, ಹಾಸಿನ ಮೇಲಿನ ಸಾಸಿವೆ ಒತ್ತುವಷ್ಟು ಸುಕುಮಾರನಾದವನು ತಪಸ್ಸಿಗೆ ನಿಂತಾಗ ನರಿಯೊಂದು ಮರಿಗಳ ಜೊತೆ ಬಂದು ಕಾಲಿನಿಂದ ತಿನ್ನಲು ಶುರು ಮಾಡುತ್ತೆ. ಹಿಂದಿನ ಜನ್ಮದಲ್ಲಿ ಅವನು ಅತ್ತಿಗೆಯನ್ನು ಒದ್ದಿದ್ದ, ಒದ್ದ ಕಾಲನ್ನೇ ತಿನ್ನುವೆ ಅಂತ ಅವಳು ಸಂಕಲ್ಪ ಮಾಡಿದ್ದಳು. ಮೂರು ರಾತ್ರಿ ಅವನು ಅಲುಗೋದಿಲ್ಲ. ಇದು ಜೈನರ ಧರ್ಮಕಥೆ, ಅವನ ಸಹನೆಯೇ ಅದರ ತಿರುಳು. ಆ ಗೌರವ ಇಟ್ಟುಕೊಂಡೇ ಓದಬೇಕು. ಮಕ್ಕಳನ್ನು ಮಲಗಿಸಿದ ಮೇಲೆ.

ಆಮೇಲೆ ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ಭಾಗ. ಹತ್ತನೆಯ ಶತಮಾನದ ಕೊನೆಯ ಕಾವ್ಯ. ತೀ.ನಂ.ಶ್ರೀ. ಸಿದ್ಧಪಡಿಸಿದ ಸಂಗ್ರಹ ಸಿಕ್ಕರೆ ಅನುಕೂಲ. ಅಲ್ಲಿ ದುರ್ಯೋಧನನ ಕಾಲಿಗೆ ಆನೆಗಳ, ಆಳುಗಳ ಹೆಣ ತೊಡರುತ್ತೆ, ಮರುಳೊಂದು ಎದುರಾಗಿ ಅವನನ್ನೇ ಮೂದಲಿಸುತ್ತೆ. ಮರುಳು ಅಂದರೆ ಪಿಶಾಚಿಯೂ ಹೌದು, ಬುದ್ಧಿ ಕೆಟ್ಟವನೂ ಹೌದು. ಇಬ್ಬರಲ್ಲಿ ಮರುಳು ಯಾರು ಅನ್ನೋದು ಆ ಮಾತಿನ ಚೂಪು. ಓದುವವರು ಇಬ್ಬರಾಗಿ: ಒಬ್ಬರು ಪದ್ಯ, ಒಬ್ಬರು ಅರ್ಥ. ಪದ್ಯವನ್ನು ಎರಡು ಸಲ, ಎರಡನೇ ಸಲ ನಿಧಾನಕ್ಕೆ. ಅರ್ಥ ಹೇಳುವವರು ಮರುಳಿನ ಮಾತು ಬಂದಲ್ಲಿ ಮಾತ್ರ ಏನೂ ವಿವರಿಸದೆ ಪದ್ಯದವರಿಗೆ ಬಿಡಲಿ. ಆ ಶಬ್ದದ ಎರಡೂ ಅರ್ಥವನ್ನು ಓದು ಶುರುವಾಗುವ ಮೊದಲೇ ಹೇಳಿಟ್ಟಿರಿ.

ಘಟ್ಟದಕೆಳಗೆ

ಓದುವಾಗ ಬೆಳಕು ಓದುವವರ ಪುಸ್ತಕದ ಮೇಲೆ ಮಾತ್ರ ಇರಲಿ, ಮುಖದ ಮೇಲೆ ಬೇಡ. ತಲೆಗೆ ಕಟ್ಟುವ ಟಾರ್ಚ್ ತರಬೇಡಿ, ಓದುವವರು ತಲೆ ಎತ್ತಿದಾಗಲೆಲ್ಲ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಪುಸ್ತಕಕ್ಕೆ ಸಿಕ್ಕಿಸುವ ಸಣ್ಣ ದೀಪ ಸಾಕು. ಎಣ್ಣೆಯ ದೀಪವೇ ಬೇಕಾದರೆ ಎರಡು ಇಡಿ, ಒಂದೇ ಇಟ್ಟರೆ ತಾರಸಿಯ ಗಾಳಿಗೆ ಆರಿ ಪದ್ಯ ನಡುವೆ ನಿಲ್ಲುತ್ತದೆ.